ಕ್ಲಚ್ ಗಾಡಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಸಂಡೂರಿನ ಗುಡ್ಡಕ್ಕೂ ಬಳ್ಳಾರಿ ಬಿಸಿಲಿಗೂ ತಡೆಯುವಂತೆ ಹಾಕಿಸೋದು ಹೇಗೆ

"ಬಾಕ್ಸ್ ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ?" ಕ್ಲಚ್ಚಿನ ಗೇರ್‌ಬಾಕ್ಸ್ ತೆಗೆಸಿ ಆಟೋಮ್ಯಾಟಿಕ್ ಹಾಕಿಸಿದ ನನ್ನ ಗಾಡಿ ನೋಡಿದವರು ಮೊದಲು ಕೇಳೋದು ಇದನ್ನೇ. ನಾನೂ ಈ ಕೆಲಸವನ್ನು ಇದೇ ಪ್ರಶ್ನೆಯಿಂದ ಶುರು ಮಾಡಿದ್ದೆ. ಈಗ ಯಾರಾದರೂ ಕೇಳಿದರೆ, ಬಾಕ್ಸ್ ಕೊನೆಗೆ ಕೊಳ್ಳಿ, ಅದರ ಸುತ್ತ ಬೇಕಾಗುವ ಸಾಮಾನು ಮೊದಲು ಎಣಿಸಿ ಎನ್ನುತ್ತೇನೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರಾದರೆ ಆ ಎಣಿಕೆಯಲ್ಲಿ ಮೊದಲ ಹೆಸರು ಬಾಕ್ಸಿನ ಆಯಿಲ್ ತಣಿಸುವ ಕೂಲರ್‌ದೇ ಆಗಿರಲಿ. ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟೋದು ಮಾಮೂಲು. ಆ ಬಿಸಿಲಿನಲ್ಲಿ ಗುಡ್ಡ ಹತ್ತುವ ಆಟೋಮ್ಯಾಟಿಕ್ ಬಾಕ್ಸ್ ಕೆಟ್ಟರೆ, ಬಹಳಷ್ಟು ಸಲ ಕಾರಣ ಶಾಖವೇ ಆಗಿರುತ್ತದೆ.

ನನ್ನದು ಮಹೀಂದ್ರಾ ಡೀಸೆಲ್ ಥಾರ್. 2020ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದ ಮಾದರಿ, ಆರು ಗೇರಿನ ಮ್ಯಾನುಯಲ್. ಸಂಡೂರಿನ ಹತ್ತಿರ ನಮ್ಮ ಹೊಲ, ಮನೆ ಬಳ್ಳಾರಿಯಲ್ಲಿ. ಎಡ ಮೊಣಕಾಲಿಗೆ ಆಪರೇಷನ್ ಆದ ಮೇಲೆ ಕ್ಲಚ್ ತುಳಿಯೋದು ಕಷ್ಟವಾಯಿತು. ಟಾರ್ ರಸ್ತೆಯಲ್ಲಿ ಹೇಗೋ ನಡೆಯುತ್ತಿತ್ತು. ಆದರೆ ಹೊಲದ ದಾರಿಯಲ್ಲಿ ಒಂದು ಏರು ಇದೆ. ಅದಿರು ಕಲ್ಲಿನ ಚೂರು ತುಂಬಿದ ಜಾರು ಏರು. ಅಲ್ಲಿ ಅರ್ಧ ಕ್ಲಚ್ ಹಿಡಿದು ಕೂತರೆ ಸಂಜೆ ಹೊತ್ತಿಗೆ ಮೊಣಕಾಲು ಊದುತ್ತಿತ್ತು. ಗಾಡಿ ಅಪ್ಪ ಆಸೆಪಟ್ಟು ಕೊಂಡದ್ದು. ಅವರು ಹೋದ ಮೇಲೆ ಅದನ್ನು ಮಾರುವ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಹಾಗಾಗಿ ಬಾಕ್ಸ್ ಬದಲಿಸುವ ದಾರಿ ಹಿಡಿದೆ.

ನಿಮಗೆ ಅಂಥ ಕಾರಣ ಇಲ್ಲದಿದ್ದರೆ, ಇರುವ ಗಾಡಿ ಮಾರಿ ಕಂಪನಿಯಿಂದಲೇ ಆಟೋಮ್ಯಾಟಿಕ್ ಆಗಿ ಬಂದ ಗಾಡಿ ಕೊಳ್ಳೋದು ಸುಲಭ. ಥಾರ್‌ನಲ್ಲಿ ಆರು ಗೇರಿನ ಆಟೋಮ್ಯಾಟಿಕ್ ಇದೆ. 2023ರಲ್ಲಿ ಬಂದ ಮಾರುತಿ ಜಿಮ್ನಿಯಲ್ಲಿ ನಾಲ್ಕು ಗೇರಿನದು ಇದೆ. ಥಾರ್‌ನ ಫೋರ್ ವೀಲ್ ಮಾದರಿಯಲ್ಲೂ ಜಿಮ್ನಿಯಲ್ಲೂ ಫೋರ್ ವೀಲ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ನಿಧಾನವಾಗಿ ಎಳೆಯುವ ಗೇರ್, ಇದೆ. ಮಾರಿ ಕೊಳ್ಳೋದು, ಬಾಕ್ಸ್ ಹಾಕಿಸೋದು, ಎರಡರ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು ನೋಡಿ. ನನಗೆ ಬಾಕ್ಸಿಗೆ ಎಷ್ಟು ಹೋಯಿತೋ, ಸುತ್ತಲಿನ ಸಾಮಾನು, ವೈರಿಂಗ್, ಕೂಲಿಗೆ ಹೆಚ್ಚುಕಡಿಮೆ ಅಷ್ಟೇ ಹೋಯಿತು.

ಮೊದಲು ಆರ್‌ಟಿಓ, ಆಮೇಲೆ ಗ್ಯಾರೇಜ್

ಇದನ್ನು ಹಾರಿಸಿ ಮುಂದೆ ಓದಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಬದಲಾವಣೆಯ ಬಗ್ಗೆಯೇ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅಂಗವೈಕಲ್ಯ ಇರುವವರಿಗಾಗಿ ಗಾಡಿ ಮಾರ್ಪಡಿಸಲು ಕಾಯ್ದೆ ಬೇರೆ ದಾರಿ ಇಟ್ಟಿದೆ. ನಾನು ಡಾಕ್ಟರ ಪತ್ರ ಹಿಡಿದು ಮೊದಲು ಹೋಗಿದ್ದು ಆರ್‌ಟಿಓ ಕಚೇರಿಗೆ. ನಿಮ್ಮ ಗಾಡಿ ಕೆಎ-34 ಬಳ್ಳಾರಿಯದೋ, 36 ರಾಯಚೂರಿನದೋ, 37 ಕೊಪ್ಪಳದ್ದೋ, ಆ ಕಚೇರಿಯಲ್ಲಿ ಕೇಳಿ. ಏನು ಬೇಕೋ ಬರವಣಿಗೆಯಲ್ಲೇ ತೆಗೆದುಕೊಳ್ಳಿ, ಬಾಯಿ ಮಾತು ನಂಬಬೇಡಿ. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ತಿಳಿಸದೆ ಮಾಡಿಸಿದರೆ ನಾಳೆ ಅಪಘಾತವಾದಾಗ ಕ್ಲೇಮ್ ನಿಲ್ಲಿಸಲು ಅವರಿಗೆ ಇದೊಂದೇ ಸಾಕು. ಗಾಡಿ ವಾರಂಟಿಯಲ್ಲಿದ್ದರೆ ಅದೂ ಹೋಗುತ್ತದೆ.

ಯಾವ ಬಾಕ್ಸ್ ಕೂರುತ್ತದೆ, ಯಾವುದು ಕೂರಲ್ಲ

ಥಾರ್, ಜೀಪಿನಂಥ ನಮ್ಮ ಗಾಡಿಗಳಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತದೆ. ಬಾಕ್ಸ್ ಅದರ ಹಿಂದೆ, ಅದರ ಹಿಂದೆ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್, ಅಲ್ಲಿಂದ ಆ ಬಲ ಒಯ್ಯಲು ಮುಂದಕ್ಕೊಂದು ಹಿಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟ್. ಎಂಜಿನ್ ಅಡ್ಡ ಕೂತಿರುವ ಗಾಡಿಯ ಬಾಕ್ಸ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡಿ. ಎಕ್ಸ್‌ಯುವಿ 500ರಲ್ಲಿ 2.2 ಲೀಟರ್ ಡೀಸೆಲ್ ಇದೆ, ಆಟೋಮ್ಯಾಟಿಕ್ ಇದೆ, ಕಂಪನಿಯೂ ಒಂದೇ. "ಅದೇ ಹಾಕಿದರಾಯ್ತು" ಎಂದು ಗುಜರಿ ಅಂಗಡಿಯಲ್ಲಿ ಒಬ್ಬರು ನನಗೆ ಹೇಳಿದ್ದರು. ಅದು ಮುಂದಿನ ಚಕ್ರ ಎಳೆಯುವ ಅಡ್ಡ ಬಾಕ್ಸ್. ಥಾರ್‌ನಲ್ಲಿ ಅದು ಕೂರೋಕೆ ಜಾಗವೇ ಇಲ್ಲ.

ದಾರಿ ಮೂರಿವೆ. ನಿಮ್ಮ ಮಾದರಿಗೇ ಕಂಪನಿ ಆಟೋಮ್ಯಾಟಿಕ್ ಕೊಟ್ಟಿದ್ದರೆ, ಅದೇ ಎಂಜಿನ್, ಅದೇ ತಲೆಮಾರಿನ ಗಾಡಿಯಿಂದ ಎಲ್ಲ ಸಾಮಾನು ಒಟ್ಟಿಗೆ ತರೋದು ಮೊದಲನೆಯದು. ಅತಿ ಕಡಿಮೆ ತಲೆನೋವು ಇದರಲ್ಲೇ. ನಾನು ಹಿಡಿದದ್ದೂ ಇದನ್ನೇ. ಹಳೆ ಗಾಡಿಗೆ ಎಂಜಿನ್ನೂ ಬಾಕ್ಸೂ ಜೋಡಿಯಾಗಿ ಬೇರೆಯದನ್ನು ಇಳಿಸೋದು ಎರಡನೆಯದು. ಅಲ್ಲಿ ಎಂಜಿನ್ ನಂಬರೇ ಬದಲಾಗುತ್ತದೆ, ಕಾಗದದ ಕೆಲಸ ಇನ್ನೂ ಕಷ್ಟ. ಇರುವ ಎಂಜಿನ್ನಿಗೆ ಅಡಾಪ್ಟರ್ ಪ್ಲೇಟ್ ಮಾಡಿಸಿ ಬೇರೆ ಕಂಪನಿಯ ಬಾಕ್ಸ್ ಕೂರಿಸೋದು ಮೂರನೆಯದು. ಲೇತ್‌ನಲ್ಲಿ ಕೂದಲೆಳೆಯಷ್ಟು ಸೆಂಟರ್ ತಪ್ಪಿದರೂ ಬಾಕ್ಸಿನ ಆಯಿಲ್ ಪಂಪಿನ ಸೀಲು ಬೇಗ ಹೋಗುತ್ತದೆ. ಈ ಕೆಲಸ ಮೊದಲೇ ಮಾಡಿ ಕೈ ಪಳಗಿದವರು ಸಿಗದಿದ್ದರೆ ಬಿಟ್ಟುಬಿಡಿ.

ಹಳೆ ಜೀಪಿನವರಿಗೆ ಒಂದು ಮಾತು. ಹಳೆಯ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಎಷ್ಟು ತುಳಿದಿದೆ ಎಂದು ಹೇಳುವ ಸೆನ್ಸರ್ ಇರಲ್ಲ. ಪೆಟ್ರೋಲ್ ಎಂಜಿನ್ನಿನಂತೆ ಗಾಳಿ ಒಳಗೆಳೆಯುವ ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಕೂಡ ಸಿಗಲ್ಲ. ಈ ಎರಡರಲ್ಲಿ ಒಂದನ್ನು ನಂಬಿ ಗೇರ್ ಬದಲಿಸುವ ಬಾಕ್ಸ್ ತಂದರೆ ಅದು ಕುರುಡಾಗಿ ನಡೆಯುತ್ತದೆ. ಥ್ರಾಟಲ್ ಕೇಬಲ್‌ನಿಂದ ನಡೆಯುವ ಹಳೇ ಮಾದರಿ ಬಾಕ್ಸ್ ಅಲ್ಲಿ ಹೊಂದುತ್ತದೆ, ಇಲ್ಲವೇ ಪಂಪಿನ ಲಿವರ್‌ಗೆ ಸೆನ್ಸರ್ ಕೂರಿಸಬೇಕು. ಮಾರುತಿ ಜಿಪ್ಸಿಯವರಿಗೆ ಒಂದು ಅನುಕೂಲ ಇದೆ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಬಾಕ್ಸಿಗೆ ಅಂಟಿಕೊಂಡಿಲ್ಲ. ಬೇರೆಯಾಗಿ ಕೂತಿದೆ, ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಹಾಗಾಗಿ ಫೋರ್ ವೀಲ್ ಅಲ್ಲದ ಬಾಕ್ಸನ್ನೂ ಆ ಗಿಡ್ಡ ಶಾಫ್ಟಿನ ಅಳತೆ ಬದಲಿಸಿ ಜೋಡಿಸಬಹುದು. ಉಳಿದ ಗಾಡಿಗಳಲ್ಲಿ ಬಾಕ್ಸಿನ ಹಿಂಬದಿಯ ಹಲ್ಲುಗಳ ಎಣಿಕೆ ಟ್ರಾನ್ಸ್‌ಫರ್ ಕೇಸಿಗೆ ಹೊಂದಲೇಬೇಕು.

ಗುಜರಿ ಗಾಡಿ ನೋಡುವಾಗ

ಮುಂದಿನಿಂದ ಗುದ್ದಿದ ಗಾಡಿಗಿಂತ ಹಿಂದಿನಿಂದ ಪೆಟ್ಟು ತಿಂದ ಗಾಡಿ ಒಳ್ಳೆಯದು. ಕೂಲರ್, ಪೈಪು, ಬಾಕ್ಸನ್ನು ಎಂಜಿನ್ನಿಗೆ ಕೂಡಿಸುವ ಬೆಲ್ ಹೌಸಿಂಗ್ ಉಳಿದಿರುತ್ತವೆ. ಆಯಿಲ್ ಒಂದು ಬಿಳಿ ಕಾಗದದ ಮೇಲೆ ಬಿಡಿ. ಕೆಂಪಗೆ ಅಥವಾ ತುಸು ಕಂದಾಗಿ ಹರಡಿದರೆ ಸರಿ. ಕಪ್ಪಾಗಿದ್ದು ಸುಟ್ಟ ವಾಸನೆ ಬಂದರೆ ಒಳಗಿನ ಪ್ಲೇಟುಗಳು ಹೋಗಿವೆ ಎಂದರ್ಥ. ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ನೀರು ಬೆರೆತಿದೆ. ನೀರು ಕುಡಿದ ಪ್ಲೇಟಿನ ಅಂಟು ಬಿಡುತ್ತದೆ. ಅಂಥ ಬಾಕ್ಸ್ ಬಿಟ್ಟಿ ಕೊಟ್ಟರೂ ಬೇಡ.

ಬರೀ ಬಾಕ್ಸ್ ತಂದರೆ ಆಗಲ್ಲ. ಕ್ಲಚ್ ಬದಲಿಗೆ ಕೂರುವ ಟಾರ್ಕ್ ಕನ್ವರ್ಟರ್, ಫ್ಲೈವೀಲ್ ಜಾಗಕ್ಕೆ ಕೂರುವ ತೆಳುವಾದ ಫ್ಲೆಕ್ಸ್ ಪ್ಲೇಟ್, ಅದಕ್ಕೇ ಮಾಡಿದ ಬೋಲ್ಟುಗಳು, ಬಾಕ್ಸಿನ ಕಂಪ್ಯೂಟರ್ ಅಂದರೆ ಟಿಸಿಯು, ಎಂಜಿನ್ನಿನ ಕಂಪ್ಯೂಟರ್ ಅಂದರೆ ಇಸಿಯು, ವೈರಿಂಗ್ ಪೂರ್ತಿ ಕಟ್ಟು, ಗೇರ್ ಸೆಲೆಕ್ಟರ್ ಅದರ ಕೇಬಲ್ ಸಮೇತ, ಬ್ರೇಕ್ ಪೆಡಲ್, ಕೂಲರ್ ಮತ್ತು ಪೈಪು, ಬಾಕ್ಸಿನ ಮೌಂಟ್, ಕೆಳಗಿನ ಅಡ್ಡಪಟ್ಟಿ, ಎರಡೂ ಪ್ರೊಪೆಲ್ಲರ್ ಶಾಫ್ಟ್. ವೈರ್ ಕತ್ತರಿಸಿ ಕೊಡಲು ಬಿಡಬೇಡಿ, ಕನೆಕ್ಟರ್ ಬಿಚ್ಚಿಯೇ ತೆಗೆಸಿ. ಸ್ಟಾರ್ಟರ್ ಮೋಟರನ್ನೂ ಎತ್ತಿಕೊಂಡು ಬನ್ನಿ. ಬಿಲ್ ತೆಗೆದುಕೊಳ್ಳಿ, ಚಾಸಿ ನಂಬರ್ ಬರೆಸಿಕೊಳ್ಳಿ. ಕಳ್ಳ ಗಾಡಿಯ ಸಾಮಾನು ನಿಮ್ಮ ಮನೆಗೆ ಬರಬಾರದು.

ಬಿಚ್ಚುವ ಕೆಲಸ

ಸಮ ನೆಲ, ಗಟ್ಟಿ ಸ್ಟ್ಯಾಂಡು, ಚಕ್ರಕ್ಕೆ ಅಡ್ಡ ಕಲ್ಲು. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಸುಮ್ನೆ ಜಾಕಿ ನಂಬಿ ಅಡಿಗೆ ಹೋಗಬೇಡಿ. ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಸೇರಿದರೆ ಇಬ್ಬರು ಎದೆ ಮೇಲೆ ಹೊತ್ತು ಇಳಿಸುವ ತೂಕವಲ್ಲ. ಬಾಕ್ಸಿಗೇ ಎಂದು ಇರುವ ಜಾಕಿ ಬಾಡಿಗೆಗಾದರೂ ತನ್ನಿ. ಶಾಫ್ಟ್ ಬಿಚ್ಚುವ ಮೊದಲು ಎರಡೂ ಕಡೆ ಬಣ್ಣದ ಗುರುತು ಹಾಕಿ.

ಬಾಕ್ಸ್ ಇಳಿದ ಮೇಲೆ ಪ್ರೆಶರ್ ಪ್ಲೇಟ್, ಕ್ಲಚ್ ಪ್ಲೇಟ್, ಫ್ಲೈವೀಲ್ ಮೂರೂ ಹೊರಗೆ. ಕ್ರ್ಯಾಂಕಿನ ನಡುವೆ ಪೈಲಟ್ ಬೇರಿಂಗ್ ಇದ್ದರೆ ಅದನ್ನೂ ತೆಗೆಯಿರಿ. ಟಾರ್ಕ್ ಕನ್ವರ್ಟರ್‌ನ ಮೂತಿ ಅಲ್ಲೇ ಕೂರಬೇಕು. ಆ ಗುಂಡಿಯನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿ, ತುಕ್ಕಿನ ಚೂರೂ ಇರಬಾರದು. ಎಂಜಿನ್ ಹಿಂಬದಿಯ ಆಯಿಲ್ ಸೀಲ್ ಇಷ್ಟು ಸಲೀಸಾಗಿ ಮತ್ತೆ ಕೈಗೆ ಸಿಗಲ್ಲ, ಈಗಲೇ ಹೊಸದು ಹಾಕಿ. ಎಂಜಿನ್ ಮತ್ತು ಬೆಲ್ ಹೌಸಿಂಗ್ ನಡುವೆ ಗಿಡ್ಡ ಡೋವೆಲ್ ಪಿನ್ ಎರಡು ಇರುತ್ತವೆ. ಎರಡೂ ಜಾಗದಲ್ಲಿವೆಯೋ ನೋಡಿ. ಬಾಕ್ಸ್ ನೇರ ಕೂರೋದು ಅವುಗಳಿಂದಲೇ, ಬೋಲ್ಟಿನಿಂದಲ್ಲ.

ಒಳಗೆ ಕ್ಲಚ್ ಪೆಡಲ್ ತೆಗೆದು, ಹೈಡ್ರಾಲಿಕ್ ಲೈನ್ ಮುಚ್ಚಿ, ಆಟೋಮ್ಯಾಟಿಕ್ ಗಾಡಿಯ ಅಗಲ ಬ್ರೇಕ್ ಪೆಡಲ್ ಹಾಕಿ. ಗಾಡಿಯಲ್ಲಿ ಕ್ಲಚ್ ಮತ್ತು ಬ್ರೇಕ್‌ಗೆ ಒಂದೇ ಆಯಿಲ್ ಡಬ್ಬಿ ಇದ್ದರೆ ಡಬ್ಬಿಯಿಂದ ಕ್ಲಚ್ ಕಡೆ ಹೋಗುವ ಬಾಯಿಯನ್ನು ಸರಿಯಾಗಿ ಬಂದ್ ಮಾಡಿ, ಇಲ್ಲದಿದ್ದರೆ ಬ್ರೇಕ್ ಆಯಿಲ್ ಸೋರುತ್ತದೆ.

ಟಾರ್ಕ್ ಕನ್ವರ್ಟರ್ ಕೂರಿಸೋದು

ಇಲ್ಲಿ ಅವಸರ ಬೇಡ. ನನ್ನ ಪರಿಚಯದವರೊಬ್ಬರ ಗಾಡಿಯಲ್ಲಿ ಬೇರೆ ಊರಿನ ಗ್ಯಾರೇಜೊಂದು ಇದೇ ಹೆಜ್ಜೆಯಲ್ಲಿ ಬಾಕ್ಸಿನ ಪಂಪ್ ಒಡೆದಿತ್ತು. ಬಾಕ್ಸ್ ಕೂತಿತ್ತು, ಎಂಜಿನ್ ಸ್ಟಾರ್ಟ್ ಆಯಿತು, ಗಾಡಿ ಮಾತ್ರ ಒಂದು ಅಡಿಯೂ ಕದಲಲಿಲ್ಲ. ಎಲ್ಲ ಮತ್ತೆ ಬಿಚ್ಚಬೇಕಾಯಿತು.

ಟಾರ್ಕ್ ಕನ್ವರ್ಟರ್ ನೋಡಲು ಚಪ್ಪಟೆ ಕುಂಬಳಕಾಯಿಯಂತೆ ಇರುತ್ತದೆ. ಒಳಗೆ ಎದುರುಬದುರು ಎರಡು ರೆಕ್ಕೆಚಕ್ರ, ನಡುವೆ ಇನ್ನೊಂದು ಚಿಕ್ಕದು, ಪೂರ್ತಿ ಆಯಿಲ್. ಎಂಜಿನ್ ಒಂದು ಚಕ್ರ ತಿರುಗಿಸಿದರೆ ಆಯಿಲಿನ ಬಿರುಸಿಗೆ ಇನ್ನೊಂದು ತಿರುಗುತ್ತದೆ. ಕ್ಲಚ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಆಯಿಲ್ ಮಾಡುತ್ತದೆ. ಗಾಡಿ ನಿಂತಲ್ಲಿಂದ ಎಳೆಯುವಾಗ ಇದು ಎಂಜಿನ್ನಿನ ಎಳೆತವನ್ನು ಸುಮಾರು ಎರಡು ಪಟ್ಟಿನವರೆಗೆ ಹೆಚ್ಚಿಸಿ ಕೊಡುತ್ತದೆ. ಕಲ್ಲಿನ ಏರಿನಲ್ಲಿ ಗಾಡಿ ಬಂದ್ ಆಗದೆ ಮೆಲ್ಲಗೆ ತೆವಳೋದು ಇದರಿಂದಲೇ. ಎರಡು ಚಕ್ರ ಒಂದೇ ವೇಗದಲ್ಲಿ ತಿರುಗದೆ ಆಗುವ ಜಾರಾಟದಲ್ಲಿ ಕಳೆದುಹೋದ ಶಕ್ತಿ ಪೂರ್ತಿ ಶಾಖವಾಗಿ ಆಯಿಲಿಗೆ ಇಳಿಯುತ್ತದೆ. ಕೂಲರ್ ಮಾತನ್ನು ನಾನು ಮತ್ತೆ ಮತ್ತೆ ಎತ್ತೋದು ಅದಕ್ಕೇ.

ಕೂರಿಸುವ ಮೊದಲು ಕನ್ವರ್ಟರ್ ಒಳಗೆ ಸುಮಾರು ಒಂದು ಲೀಟರ್ ಹೊಸ ಆಯಿಲ್ ಹಾಕಿ. ಬಾಕ್ಸಿನ ಬಾಯಿ ತುಸು ಮೇಲೆ ನೋಡುವಂತೆ ಇಟ್ಟು, ಕನ್ವರ್ಟರನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಾ ಒಳಗೆ ನೂಕಿ. ಒಂದು ಸಲ "ಟಕ್" ಎಂದು ಇಳಿಯುತ್ತದೆ. ಕೂತಿತು ಅನ್ನಿಸುತ್ತದೆ. ಕೂತಿರಲ್ಲ. ಇನ್ನೂ ತಿರುಗಿಸಿ. ಮತ್ತೊಂದು ಟಕ್. ಬಹಳಷ್ಟು ಬಾಕ್ಸುಗಳಲ್ಲಿ ಮೂರನೆಯದೂ ಇರುತ್ತದೆ. ಒಳಗೆ ಎರಡು ಶಾಫ್ಟ್ ಮತ್ತು ಪಂಪಿನ ಹಲ್ಲು, ಮೂರಕ್ಕೂ ಅದು ಸಿಗಬೇಕು.

ನಮ್ಮ ಕೆಲಸದಲ್ಲಿ ಎರಡು ಟಕ್ ಕೇಳಿ ನಾನು ಆಯ್ತಲ್ವಾ ಅಂದೆ. ಬಾಕ್ಸ್ ಕೂರಿಸುತ್ತಿದ್ದ ಗ್ಯಾರೇಜಿನ ಉಸ್ತಾದ್ ತಲೆ ಎತ್ತದೆ, "ಇಲ್ಲಣ್ಣ, ಇನ್ನೂ ಕೂತಿಲ್ಲ. ಬೋಲ್ಟ್ ಮುಟ್ಬೇಡ್ರಿ" ಅಂದರು. ಒಂದು ಸ್ಟೀಲ್ ಪಟ್ಟಿಯನ್ನು ಬೆಲ್ ಹೌಸಿಂಗ್ ಬಾಯಿಗೆ ಅಡ್ಡ ಇಟ್ಟರು. ಅಲ್ಲಿಂದ ಕನ್ವರ್ಟರ್‌ನ ಬೋಲ್ಟ್ ಕಿವಿಯವರೆಗೆ ವರ್ನಿಯರ್‌ನಲ್ಲಿ ಆಳ ಅಳೆದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದರು. ಆಮೇಲೆ ಎಂಜಿನ್ನಿನ ಮುಖದಿಂದ ಫ್ಲೆಕ್ಸ್ ಪ್ಲೇಟಿನವರೆಗೆ ಅಳೆದು ಅದರ ಪಕ್ಕ ಬರೆದರು. ಮೊದಲ ಅಳತೆ ಎರಡನೆಯದಕ್ಕಿಂತ ಕೆಲವು ಮಿಲಿಮೀಟರ್ ಜಾಸ್ತಿ ಇರಬೇಕು. ನಮ್ಮದು ಕಡಿಮೆ ಇತ್ತು. ಮತ್ತೆ ಕೈ ಹಾಕಿ ಹಗೂರ ತಿರುಗಿಸಿದರು. ಮೂರನೇ ಟಕ್ ಕೇಳಿತು. ಆಗ ಅಳತೆ ಸರಿಬಂತು.

ಬಾಕ್ಸನ್ನು ಎಂಜಿನ್ನಿಗೆ ಒರಗಿಸಿದಾಗ ಎರಡೂ ಮುಖ ಕೈಬಲದಲ್ಲೇ ಕೂಡಬೇಕು. ಬೋಲ್ಟ್ ಬಿಗಿದು ಎಳೆಯಬೇಡಿ. ಕೂಡಿದ ಮೇಲೆ ಕೆಳಗಿನ ಕಿಂಡಿಯಿಂದ ಬೆರಳು ಹಾಕಿ ಕನ್ವರ್ಟರ್ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು. ಅದಕ್ಕೂ ಫ್ಲೆಕ್ಸ್ ಪ್ಲೇಟಿಗೂ ನಡುವೆ ಸುಮಾರು 3ರಿಂದ 5 ಮಿಲಿಮೀಟರ್ ಸಂದು ಇರಬೇಕು. ನಿಮ್ಮ ಬಾಕ್ಸಿನ ಸರ್ವಿಸ್ ಪುಸ್ತಕ ಏನು ಹೇಳುತ್ತದೋ ಅದೇ ಅಂತಿಮ. ಸಂದು ಇಲ್ಲ, ತಿರುಗುತ್ತಿಲ್ಲ ಎಂದರೆ ಅಲ್ಲೇ ನಿಲ್ಲಿಸಿ, ಬಾಕ್ಸ್ ಹಿಂದಕ್ಕೆ ಎಳೆಯಿರಿ. ಎಲ್ಲ ಸರಿ ಇದ್ದರೆ ಕನ್ವರ್ಟರನ್ನು ಮುಂದೆ ತಂದು, ಒಂದೊಂದೇ ಬೋಲ್ಟ್ ಕೈಯಲ್ಲಿ ಹಚ್ಚಿ, ಆಮೇಲೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ. ಹಳೆ ಬೋಲ್ಟಿಗಿಂತ ಉದ್ದದ್ದು ಹಾಕಿದರೆ ಕನ್ವರ್ಟರ್‌ನ ಮೈಯನ್ನೇ ಒತ್ತಿ ತಗ್ಗು ಮಾಡುತ್ತದೆ.

ಶಾಫ್ಟ್, ಮೌಂಟ್, ಸೈಲೆನ್ಸರ್

ಎರಡು ಬಾಕ್ಸುಗಳ ಉದ್ದ ಒಂದೇ ಇರುತ್ತದೆ ಎಂದುಕೊಳ್ಳಬೇಡಿ. ಆಟೋಮ್ಯಾಟಿಕ್ ಬಾಕ್ಸ್ ಉದ್ದವಾಗಿದ್ದರೆ ಟ್ರಾನ್ಸ್‌ಫರ್ ಕೇಸ್ ಹಿಂದೆ ಸರಿಯುತ್ತದೆ. ಹಿಂದಿನ ಶಾಫ್ಟ್ ಗಿಡ್ಡ ಆಗಬೇಕು, ಮುಂದಿನದು ಉದ್ದ ಆಗಬೇಕು. ಥಾರ್, ಜಿಮ್ನಿಯಂಥ ಗಿಡ್ಡ ಗಾಡಿಯಲ್ಲಿ ಹಿಂದಿನ ಶಾಫ್ಟ್ ಮೊದಲೇ ಗಿಡ್ಡ. ಇನ್ನೂ ಗಿಡ್ಡ ಮಾಡಿದರೆ ಶಾಫ್ಟ್ ತುದಿಯ ಕೀಲಿನ, ಅಂದರೆ ಕ್ರಾಸಿನ, ಕೋನ ಕಡಿದಾಗುತ್ತದೆ, ಗಾಡಿ ನಡುಗುತ್ತದೆ. ಅಳತೆ ತೆಗೆಯುವಾಗ ನಾಲ್ಕೂ ಚಕ್ರ ನೆಲದ ಮೇಲಿರಲಿ. ಆಮೇಲೆ ಚಾಸಿ ಎತ್ತಿ ಆಕ್ಸಲ್ ಪೂರ್ತಿ ಜೋತಾಡುವಾಗಲೂ ಅಳೆಯಿರಿ. ಜೋತಾಡಿದಾಗ ಜಾರುವ ತುದಿ ಕಳಚಬಾರದು, ಅಮುಕಿದಾಗ ತಳ ಮುಟ್ಟಬಾರದು. ಲೇತ್‌ನಲ್ಲಿ ಉದ್ದ ಬದಲಿಸಿದ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸದೆ ಹಾಕಬೇಡಿ.

ಬಾಕ್ಸಿನ ಕೆಳಗಿನ ಅಡ್ಡಪಟ್ಟಿ ಸರಿಸಬೇಕಾದರೆ ಬೋಲ್ಟಿನಿಂದ ಕೂರಿಸಿ, ಚಾಸಿಗೆ ಬೆಸುಗೆ ಹಾಕಬೇಡಿ. ಸೈಲೆನ್ಸರ್ ಪೈಪು ಬಾಕ್ಸಿನ ಆಯಿಲ್ ಟ್ಯಾಂಕಿನ ಪಕ್ಕ ಹಾದರೆ ನಡುವೆ ತಗಡಿನ ತಡೆ ಕೊಡಿ.

ಕೂಲರ್

ಆಟೋಮ್ಯಾಟಿಕ್ ಆಯಿಲ್ 80ರಿಂದ 95 ಡಿಗ್ರಿ ಒಳಗೆ ಇದ್ದರೆ ಬಹುಕಾಲ ಬಾಳುತ್ತದೆ. ಅಲ್ಲಿಂದ ಮೇಲೆ ಪ್ರತಿ 10–11 ಡಿಗ್ರಿಗೆ ಆಯಿಲಿನ ಆಯಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನವರ ಲೆಕ್ಕ. 120 ದಾಟಿತು ಎಂದರೆ ನಿಲ್ಲಿಸಬೇಕು.

ಕಂಪನಿಯ ಕೂಲರ್ ರಸ್ತೆಯಲ್ಲಿ ಓಡುವ ಗಾಡಿಗೆ ಸಾಕು. ನಮ್ಮ ಕೆಲಸ ಬೇರೆ. ಫೋರ್ ವೀಲ್ ಲೋ ಹಾಕಿ ಗಂಟೆಗೆ ನಾಲ್ಕೈದು ಕಿಲೋಮೀಟರ್‌ನಲ್ಲಿ ಗುಡ್ಡ ಹತ್ತುವಾಗ ಮುಂದಿನಿಂದ ಗಾಳಿಯೇ ಬರಲ್ಲ. ಕನ್ವರ್ಟರ್ ಜಾಸ್ತಿ ಜಾರುವುದೂ ಆಗಲೇ. ದೊಡ್ಡ ಟೈರ್ ಹಾಕಿಸಿದ್ದರೆ ಶಾಖ ಇನ್ನೂ ಹೆಚ್ಚು. ಮೊದಲ ಬೇಸಿಗೆಯಲ್ಲಿ ನಾನು ಕಂಪನಿಯ ಕೂಲರ್ ಮೇಲೇ ನಡೆದೆ. ಒಂದು ಮಧ್ಯಾಹ್ನ ಹೊಲದ ಏರಿನ ಅರ್ಧದಲ್ಲಿ ಬಾಕ್ಸಿನ ಆಯಿಲ್ ಶಾಖದ ಮೀಟರ್ 124 ಡಿಗ್ರಿ ತೋರಿಸಿತು. ಮೀಟರ್ ಹಾಕಿಸದೇ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಎಂಜಿನ್ ನೀರಿನ ಮುಳ್ಳು ಆಗಲೂ ನಡುವೆಯೇ ಇತ್ತು.

ಹಾಗಾದಾಗ ಎಂಜಿನ್ ಬಂದ್ ಮಾಡಬೇಡಿ. ಬಂದ್ ಮಾಡಿದರೆ ಪಂಪ್ ನಿಲ್ಲುತ್ತದೆ, ಬಿಸಿ ಆಯಿಲ್ ಇದ್ದಲ್ಲೇ ಬೇಯುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಪಾರ್ಕ್‌ಗೆ ಹಾಕಿ, ಐಡಲ್‌ಗಿಂತ ಸ್ವಲ್ಪ ಜಾಸ್ತಿ ಓಡಿಸುತ್ತಾ ಇರಿ. ಆಯಿಲ್ ಕೂಲರ್ ಸುತ್ತಿ ಬರುತ್ತಾ ತಣಿಯುತ್ತದೆ. ನನಗೆ ಅಂದು ಇಪ್ಪತ್ತು ನಿಮಿಷ ಹಿಡಿಯಿತು.

ಆಮೇಲೆ ಮಾಡಿಸಿದ್ದು ಇಷ್ಟು. ಪ್ಲೇಟ್ ಪ್ಲೇಟ್ ಜೋಡಿಸಿದ ಮಾದರಿಯ ದೊಡ್ಡ ಗಾಳಿ ಕೂಲರ್ ಒಂದು, ಅದಕ್ಕೆ ಸ್ವಂತ ಎಲೆಕ್ಟ್ರಿಕ್ ಫ್ಯಾನ್, ಆ ಫ್ಯಾನಿಗೆ ಶಾಖದಿಂದ ತಾನೇ ಆನ್ ಆಗುವ ಸ್ವಿಚ್. ಆಯಿಲ್ ಬಾಕ್ಸಿನಿಂದ ಹೊರಟು ಮೊದಲು ಕಂಪನಿ ಕೂಲರ್‌ಗೆ, ಅಲ್ಲಿಂದ ಗಾಳಿ ಕೂಲರ್‌ಗೆ, ಅಲ್ಲಿಂದ ವಾಪಸ್ ಬಾಕ್ಸಿಗೆ. ಕೊನೆಗೆ ತಣ್ಣಗಾಗಿ ಮರಳಬೇಕು. ಮೀಟರಿನ ಸೆನ್ಸರ್ ಬಾಕ್ಸಿನಿಂದ ಹೊರಬರುವ ಬಿಸಿ ಪೈಪಿನಲ್ಲಿ ಕೂರಲಿ. ರಬ್ಬರ್ ಹೋಸ್ ಈ ಆಯಿಲಿಗೇ ಮಾಡಿದ್ದನ್ನು ಕೇಳಿ ಕೊಳ್ಳಿ. ಡೀಸೆಲ್ ಪೈಪ್ ಹಾಕಿದರೆ ಬಿಸಿಗೆ ಮೆತ್ತಗಾಗಿ ಕಳಚುತ್ತದೆ. ಗುಜರಿ ಗಾಡಿಯ ಕೂಲರನ್ನೇ ಹಾಕುವುದಾದರೆ ಒಳಗೆ ಹಳೆ ಆಯಿಲ್, ಲೋಹದ ಪುಡಿ ಇಲ್ಲದಂತೆ ಚೆನ್ನಾಗಿ ತೊಳೆಯಿರಿ.

ಫ್ಯಾನ್ ಹಾಕಿಸಿದ ಮರುವಾರ ಅದೇ ಏರು, ಅದೇ ಮಧ್ಯಾಹ್ನದ ಹೊತ್ತು. ಮೀಟರ್ 101ಕ್ಕೆ ನಿಂತಿತು. ಉಸ್ತಾದ್‌ಗೆ ಫೋನ್ ಮಾಡಿ ಹೇಳಿದರೆ, "ಎಣ್ಣಿ ತಣ್ಣಗಿದ್ರ ಡಬ್ಬಿ ಬಾಳತೈತ್ರಿ ಅಣ್ಣ" ಅಂದರು.

ವೈರಿಂಗ್ ಮತ್ತು ಕಂಪ್ಯೂಟರ್

ಈಗಿನ ಗಾಡಿಗಳಲ್ಲಿ ಬಾಕ್ಸಿನ ಟಿಸಿಯು ಮತ್ತು ಎಂಜಿನ್ನಿನ ಇಸಿಯು ಒಂದಕ್ಕೊಂದು ಮಾತಾಡುತ್ತಲೇ ಇರುತ್ತವೆ. ಗೇರ್ ಬದಲಾಗುವ ಹೊತ್ತಿಗೆ "ಎಳೆತ ಸ್ವಲ್ಪ ಕಡಿಮೆ ಮಾಡು" ಎಂದು ಟಿಸಿಯು ಕೇಳುತ್ತದೆ. ಮ್ಯಾನುಯಲ್ ಗಾಡಿಯ ಇಸಿಯುಗೆ ಆ ಮಾತು ಅರ್ಥವಾಗಲ್ಲ. ಹಾಗಾಗಿ ಆಟೋಮ್ಯಾಟಿಕ್ ಗಾಡಿಯ ಪ್ರೋಗ್ರಾಂ ಇರುವ ಇಸಿಯು ಬೇಕು, ಸರಿಯಾದ ಕೀಲಿ ಇಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವ ಇಮೊಬಿಲೈಸರ್‌ಗೆ ಅದನ್ನು ಜೋಡಿಸಬೇಕು. ಇದಕ್ಕೆ ಕಂಪನಿ ಮಟ್ಟದ ಸ್ಕ್ಯಾನರ್ ಮತ್ತು ಅದನ್ನು ಬಲ್ಲವರು ಬೇಕು. ಅಂಥವರು ಸಿಕ್ಕು, ಮಾಡಿಕೊಡುತ್ತೇನೆ ಎಂದು ಒಪ್ಪಿದ ಮೇಲೆಯೇ ಬಾಕ್ಸಿಗೆ ಮುಂಗಡ ಕೊಡಿ. ನನ್ನ ಗಾಡಿ ಎಲ್ಲ ಜೋಡಿಸಿ ಮುಗಿದ ಮೇಲೂ ಇದೊಂದಕ್ಕೇ ಎಂಟು ದಿನ ಷೆಡ್ಡಿನಲ್ಲಿ ನಿಂತಿತ್ತು.

ವೈರಿಂಗ್ ಮುಗಿದಾಗ ಈ ನಾಲ್ಕನ್ನು ನೀವೇ ಕೂತು ಪರೀಕ್ಷಿಸಿ. ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದಾಗ ಮಾತ್ರ ಎಂಜಿನ್ ಸ್ಟಾರ್ಟ್ ಆಗಬೇಕು. ಇದನ್ನು ಬೈಪಾಸ್ ಮಾಡಿಕೊಟ್ಟರೆ ಒಪ್ಪಬೇಡಿ. ಡ್ರೈವ್‌ನಲ್ಲಿ ಸ್ಟಾರ್ಟ್ ಆಗುವ ಗಾಡಿ ಎದುರು ನಿಂತ ಮಗುವಿನ ಮೇಲೆ ಹೋಗುತ್ತದೆ. ಬ್ರೇಕ್ ತುಳಿಯದೆ ಪಾರ್ಕ್‌ನಿಂದ ಲಿವರ್ ಕದಲಬಾರದು. ರಿವರ್ಸ್ ಹಾಕಿದರೆ ಹಿಂದಿನ ಲೈಟ್ ಹತ್ತಬೇಕು. ಟ್ರಾನ್ಸ್‌ಫರ್ ಕೇಸ್ ಲೋಗೆ ಹೋದದ್ದು ಟಿಸಿಯುಗೆ ಗೊತ್ತಾಗಬೇಕು, ಇಲ್ಲದಿದ್ದರೆ ಅದು ಸ್ಪೀಡ್ ಲೆಕ್ಕ ತಪ್ಪಿ ಏರಿನ ನಡುವೆ ಗೇರ್ ಬದಲಿಸುತ್ತದೆ.

ಆಯಿಲ್ ತುಂಬೋದು, ಮೊದಲ ಓಟ

ಬಾಕ್ಸಿಗೆ ಹೇಳಿದ ಗ್ರೇಡಿನ ಆಯಿಲೇ ಬೇಕು. ಬಹಳಷ್ಟು ಕೆಂಪಗಿರುತ್ತವೆ, ಆದರೆ ಎಲ್ಲವೂ ಒಂದೇ ಅಲ್ಲ. ಗಾಡಿ ಇನ್ನೂ ಸ್ಟ್ಯಾಂಡ್ ಮೇಲಿರುವಾಗ, ನಾಲ್ಕೂ ಚಕ್ರ ಗಾಳಿಯಲ್ಲಿರುವಾಗ, ಸ್ವಲ್ಪ ತುಂಬಿ ಸ್ಟಾರ್ಟ್ ಮಾಡಿ. ಬ್ರೇಕ್ ತುಳಿದು ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್ ಒಂದೊಂದರಲ್ಲೂ ನಾಲ್ಕೈದು ಸೆಕೆಂಡ್ ಇಡಿ. ಆಯಿಲ್ ಒಳಗೆಲ್ಲ ಹರಿದು ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಆಮೇಲೆ ಗಾಡಿಯನ್ನು ಸಮ ನೆಲಕ್ಕೆ ಇಳಿಸಿ, ಎಂಜಿನ್ ಓಡುತ್ತಿರುವಾಗಲೇ, ಸರ್ವಿಸ್ ಪುಸ್ತಕ ಹೇಳಿದ ಶಾಖದಲ್ಲಿ ಮಟ್ಟ ನೋಡಿ. ಕೆಲವಕ್ಕೆ ಡಿಪ್‌ಸ್ಟಿಕ್ ಇರುತ್ತದೆ. ಹೊಸ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ಪಕ್ಕದ ಪ್ಲಗ್ ಬಿಚ್ಚಿದಾಗ ಸಣ್ಣ ಎಳೆಯಾಗಿ ಸೋರಿ ನಿಲ್ಲಬೇಕು. ಜಾಸ್ತಿ ತುಂಬಿದರೆ ನೊರೆಯಾಗುತ್ತದೆ, ನೊರೆ ಹಿಡಿದ ಆಯಿಲ್ ಒತ್ತಡ ಕೊಡಲ್ಲ.

ಮೊದಲ ದಿನ ಖಾಲಿ ಬಯಲಿನಲ್ಲಿ ಓಡಿಸಿ. ಗೇರ್ ಹೊಡೆದಂತೆ ಬದಲಾದರೆ ಗಾಬರಿ ಬೇಡ. ಟಿಸಿಯು ಹೊಸದಾಗಿ ಕಲಿಯುತ್ತಿರುತ್ತದೆ. ಕಲಿಕೆ ಮಾಡಿಸುವ ಕ್ರಮ ಸ್ಕ್ಯಾನರ್‌ನಲ್ಲೂ ಇರುತ್ತದೆ. ಒಂದೆರಡು ದಿನದ ಮೇಲೂ ಹಾಗೇ ಇದ್ದರೆ, ಅಥವಾ ಎಂಜಿನ್ ಕೂಗಿ ಗಾಡಿ ಎಳೆಯದಿದ್ದರೆ, ನಿಲ್ಲಿಸಿ ತೋರಿಸಿ. 500 ಕಿಲೋಮೀಟರ್‌ಗೆ ಎಲ್ಲ ಬೋಲ್ಟು ಒಮ್ಮೆ ಬಿಗಿ ನೋಡಿ. ಗುಜರಿ ಬಾಕ್ಸ್ ಆದ್ದರಿಂದ ನಾನು 1,000 ಕಿಲೋಮೀಟರ್‌ಗೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿಬಿಟ್ಟೆ.

ನಮ್ಮ ನೆಲದಲ್ಲಿ ಓಡಿಸುವಾಗ

ಇಳಿಜಾರಿನಲ್ಲಿ ಡ್ರೈವ್‌ನಲ್ಲಿ ಬಿಟ್ಟು ಬ್ರೇಕ್ ತುಳಿಯುತ್ತಾ ಬರಬೇಡಿ. ಆಟೋಮ್ಯಾಟಿಕ್‌ನಲ್ಲಿ ಎಂಜಿನ್ ಹಿಡಿತ ಮ್ಯಾನುಯಲ್‌ನಷ್ಟು ಇರಲ್ಲ. ಲೋ ಹಾಕಿ, ಲಿವರನ್ನು ಕೈಗೇರ್ ಕಡೆ ಸರಿಸಿ, ಒಂದನೇ ಗೇರಿನಲ್ಲಿ ನಿಲ್ಲಿಸಿಕೊಂಡು ಇಳಿಯಿರಿ.

ಸಿರುಗುಪ್ಪ, ಸಿಂಧನೂರು ಕಡೆಯ ಎರೆ ಹೊಲದಲ್ಲಿ ಮಳೆಗಾಲದಲ್ಲಿ ಹೂತುಕೊಂಡರೆ ಡ್ರೈವ್, ರಿವರ್ಸ್, ಡ್ರೈವ್ ಎಂದು ಆಕ್ಸಿಲರೇಟರ್ ತುಳಿದೇ ಲಿವರ್ ಆಡಿಸೋದು ಬಾಕ್ಸಿಗೆ ವಿಷ. ಪ್ರತಿ ಸಲ ಕಾಲು ತೆಗೆದು, ಚಕ್ರ ನಿಂತ ಮೇಲೆ ಗೇರ್ ಬದಲಿಸಿ. ಎರಡು ಸಲಕ್ಕೆ ಬರಲಿಲ್ಲವೆಂದರೆ ಸಲಿಕೆ ಹಿಡಿಯಿರಿ, ಇಲ್ಲ ಟ್ರ್ಯಾಕ್ಟರ್ ಕರೆಯಿರಿ.

ಹಳ್ಳ ದಾಟುವವರು ಬಾಕ್ಸಿನ ಉಸಿರು ನಳಿಗೆಯನ್ನು ಮೊದಲೇ ಬಾನೆಟ್ ಎತ್ತರಕ್ಕೆ ಏರಿಸಿ. ಕಾದ ಬಾಕ್ಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಕ್ಸಲ್ ಎರಡಕ್ಕೂ ಹೀಗೇ ಮಾಡಿಸಿ.

ಬ್ಯಾಟರಿ ಸತ್ತರೆ ನಾಲ್ಕು ಜನ ನೂಕಿ ಸ್ಟಾರ್ಟ್ ಮಾಡುವ ಕಾಲ ಮುಗಿಯಿತು. ಬಾಕ್ಸಿನ ಪಂಪ್ ಎಂಜಿನ್‌ನಿಂದಲೇ ಓಡುತ್ತದೆ. ಎಂಜಿನ್ ಓಡದೆ ಬಾಕ್ಸಿನಲ್ಲಿ ಒತ್ತಡವಿಲ್ಲ, ಒತ್ತಡವಿಲ್ಲದೆ ಚಕ್ರದ ಬಲ ಎಂಜಿನ್ನಿಗೆ ಮುಟ್ಟಲ್ಲ. ಜಂಪರ್ ಕೇಬಲ್ ಸೀಟಿನ ಕೆಳಗೆ ಇರಲಿ. ಕೆಟ್ಟು ನಿಂತ ಗಾಡಿಯನ್ನು ಚಕ್ರ ನೆಲದ ಮೇಲಿಟ್ಟು ಎಳೆಸಬೇಡಿ. ಒಳಗೆ ಆಯಿಲ್ ಹರಿದಾಡದೆ ಬೇರಿಂಗ್ ಒಣಗುತ್ತವೆ. ಪೂರ್ತಿ ಹೊತ್ತೊಯ್ಯುವ ಲಾರಿ ಕರೆಸಿ. ಅದು ಬರಲಾಗದ ಜಾಗವಾದರೆ ಎರಡೂ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಎಳೆಸಿ. 13, 14ರ ಪಾನಾ ನನ್ನ ಗಾಡಿಯಲ್ಲಿ ಯಾವಾಗಲೂ ಇರುತ್ತವೆ. ನಿಮ್ಮ ಶಾಫ್ಟಿನ ಬೋಲ್ಟಿಗೆ ಯಾವ ಅಳತೆ ಬೇಕೋ ಮನೆಯಲ್ಲೇ ಹಚ್ಚಿ ನೋಡಿ ಇಟ್ಟುಕೊಳ್ಳಿ.

ಇನ್ನು ಕೆಂಪು ಧೂಳು. ಸಂಡೂರು, ದೋಣಿಮಲೈ ಕಡೆ ಅದಿರು ಲಾರಿಗಳ ಹಿಂದೆ ಒಂದು ದಿನ ಓಡಾಡಿ ಬಂದರೆ ಕೂಲರ್‌ನ ರೆಕ್ಕೆಗಳ ನಡುವೆ ಧೂಳು ಕೂರುತ್ತದೆ. ಅದರ ಮೇಲೆ ಸ್ವಲ್ಪ ಆಯಿಲ್ ಜಿಡ್ಡು ಬಿದ್ದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಪ್ರೆಶರ್ ಪಂಪಿನಿಂದ ಹೊಡೆಸಬೇಡಿ, ರೆಕ್ಕೆ ಮಡಚಿಕೊಳ್ಳುತ್ತವೆ. ಎಂಜಿನ್ ತಣ್ಣಗಾದ ಮೇಲೆ ಮನೆಯ ನಲ್ಲಿ ಪೈಪಿನಿಂದ, ಹಿಂಬದಿಯಿಂದ ಮುಂದಕ್ಕೆ ನೀರು ಬಿಡಿ. ಮೊದಲು ಕುಂಕುಮ ಕದಡಿದಂಥ ನೀರು ಬರುತ್ತದೆ. ಅದು ತಿಳಿಯಾಗುವವರೆಗೆ ಬಿಡಿ, ಆಮೇಲೆ ಒಂದು ಬದಿಗೆ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ನೋಡಿ. ಬೆಳಕು ಎಲ್ಲ ಕಡೆ ಒಂದೇ ಸಮ ಹಾಯುತ್ತಿದ್ದರೆ ಕೂಲರ್ ಚೊಕ್ಕಟವಾಗಿದೆ.